ಸಾಕು ಎನ್ನುವವರು ಯಾರು?

ಮಕ್ಕಳ ಜಗಳ ಬಿಡಿಸಿ ಬಿಡಿಸಿ ಮೂವತ್ತು ವರ್ಷ ಕಳೆದವಳು ನಾನು. ಮಧ್ಯಾಹ್ನದ ಊಟದ ಗಂಟೆ ಹೊಡೆಯುವುದೇ ತಡ, ಶಾಲೆಯ ಒಂದಲ್ಲ ಒಂದು ಮೂಲೆಯಲ್ಲಿ ಯಾರೋ ಯಾರದೋ ಅಂಗಿಯ ಕಾಲರು ಹಿಡಿದಿರುತ್ತಾರೆ. ಅಂಥ ನಾನು ರಜೆಯಲ್ಲಿ ಮಗಳ ಮನೆಗೆ ಹೋಗಿ, ಕಾಲು ಚಾಚಿ ಕುಳಿತು ಕುಸ್ತಿ ನೋಡುವುದುಂಟೇ? ಅದೂ ಹೆಂಗಸರ ಕುಸ್ತಿ? ಅದೂ ಜಪಾನಿನದು?

ನೋಡಿದೆ. 2024ರ ದಸರಾ ರಜೆಯಲ್ಲಿ ಬೆಂಗಳೂರಿನ ಮಗಳ ಮನೆಯಲ್ಲಿ ನೋಡಿದೆ. ಆ ಸೆಪ್ಟೆಂಬರಿನಲ್ಲಷ್ಟೇ ನೆಟ್‌ಫ್ಲಿಕ್ಸಿನಲ್ಲಿ ಬಂದಿದ್ದ ಜಪಾನೀ ಧಾರಾವಾಹಿಯೊಂದನ್ನು ಅವಳು ಹಾಕಿದಳು. 1980ರ ದಶಕದಲ್ಲಿ ಹೆಸರಾಗಿದ್ದ ಡಂಪ್ ಮಾತ್ಸುಮೊತೊ ಎಂಬ ಕುಸ್ತಿಪಟುವಿನ ಕಥೆ. "ಅಮ್ಮ, ಹತ್ತು ನಿಮಿಷ ಕೂತು ನೋಡು, ಬೇಡ ಅನ್ನಿಸಿದರೆ ಎದ್ದು ಹೋಗು" ಎಂದಳು. ನಮ್ಮವರು ಪತ್ರಿಕೆಯಿಂದ ತಲೆ ಎತ್ತದೆ, "ನಿಮ್ಮಮ್ಮನಿಗೆ ಅದನ್ನೆಲ್ಲ ತೋರಿಸಬೇಡವೇ, ಆಮೇಲೆ ಅನುಭವಿಸಬೇಕಾದವನು ನಾನು" ಎಂದರು. ಹತ್ತು ನಿಮಿಷ ಎಂದು ಕುಳಿತವಳು ರಾತ್ರಿ ಚಪಾತಿ ಹಿಟ್ಟು ಕಲಸುವುದನ್ನೂ ಮರೆತೆ.

ಆದರೆ ನನ್ನ ಮನಸ್ಸು ಆ ಕಥೆಯ ನಾಯಕಿಯ ಮೇಲೆ ನಿಲ್ಲಲಿಲ್ಲ. ಅದರ ಆರಂಭದಲ್ಲಿ 'ಬ್ಯೂಟಿ ಪೇರ್' ಎಂಬ ಜೋಡಿ ಬರುತ್ತದೆ. ನಾಯಕಿ ಇನ್ನೂ ಬಡ ಹುಡುಗಿಯಾಗಿದ್ದಾಗ ಕಣ್ಣರಳಿಸಿ ನೋಡಿದ ಜೋಡಿ ಅದು. ಒಬ್ಬಳು ಜಾಕಿ ಸಾತೊ, ಇನ್ನೊಬ್ಬಳು ಮಾಕಿ ಉಯೆದಾ. ಇಬ್ಬರೂ ನಿಜವಾಗಿ ಇದ್ದವರು. ಈ ಮಾಕಿ ಎಂಬವಳು ಆಮೇಲೆ ಏನಾದಳು ಎಂದು ಮಗಳನ್ನು ಕೇಳಿದೆ. ಅವಳು ಫೋನಿನಲ್ಲಿ ಹುಡುಕಿ ಓದಿ ಹೇಳಿದಳು. ಅಂದು ಕೇಳಿದ್ದು ಇಂದಿಗೂ ತಲೆಯಿಂದ ಹೋಗಿಲ್ಲ. ನಿಮಗೂ ಹೇಳಿಬಿಡುತ್ತೇನೆ.

ಜಪಾನಿನಲ್ಲಿ ಹೆಣ್ಣುಮಕ್ಕಳ ವೃತ್ತಿಪರ ಕುಸ್ತಿಗಾಗಿ 1968ರಲ್ಲಿ ಒಂದು ಕಂಪನಿ ಹುಟ್ಟಿತು. ನಡೆಸಿದವರು ಮಾತ್ಸುನಾಗಾ ಎಂಬ ಅಣ್ಣತಮ್ಮಂದಿರು. ಮೊದಮೊದಲು ನೋಡಲು ಬರುತ್ತಿದ್ದವರು ಹೆಚ್ಚಾಗಿ ನಡುವಯಸ್ಸಿನ ಗಂಡಸರು. ಅವರು ಏನು ನೋಡಲು ಬರುತ್ತಿದ್ದರು ಎಂದು ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಾಕಿ 1975ರಲ್ಲಿ ರಿಂಗಿಗೆ ಇಳಿದಾಗ ಅವಳಿಗೆ ಹದಿನಾರು ವರ್ಷ. ನಮ್ಮಲ್ಲಾದರೆ ಎಸ್ಸೆಸ್ಸೆಲ್ಸಿ ಮುಗಿಸಿ ಅಂಕಪಟ್ಟಿಗೆ ಕಾಯುವ ವಯಸ್ಸು. ಮರುವರ್ಷ, 1976ರಲ್ಲಿ, ಅವಳನ್ನೂ ಜಾಕಿಯನ್ನೂ ಜೋಡಿ ಮಾಡಿದರು. ಅದೇ ವರ್ಷ ಮಾಕಿ ಜಂಬೊ ಮಿಯಾಮೊತೊ ಎಂಬ ಹಿರಿಯಳನ್ನು ಸೋಲಿಸಿ ಕಂಪನಿಯ ಅತಿ ದೊಡ್ಡ ಪಟ್ಟ ಗೆದ್ದಳು. ಆಗ ಅವಳಿಗೆ ಹದಿನೇಳು. ಆ ಜೋಡಿ ಹಾಡನ್ನೂ ಹಾಡಿತು. ರಿಂಗಿನ ನಡುವೆ ಮೈಕು ಹಿಡಿದು, ಕುಣಿದು ಹಾಡಿ, ಆಮೇಲೆ ಕುಸ್ತಿ! ಅವರ ಮೊದಲ ಹಾಡಿನ ತಟ್ಟೆ ಲಕ್ಷಗಟ್ಟಲೆ ಮಾರಾಟವಾಯಿತು. ಟೀವಿಯಲ್ಲಿ ಬಂದರು, ಸಿನಿಮಾದಲ್ಲಿ ಬಂದರು.

ಆಗ ಒಂದು ಆಶ್ಚರ್ಯ ನಡೆಯಿತು. ಕುರ್ಚಿಗಳಲ್ಲಿ ಕೂತಿದ್ದ ಗಂಡಸರು ಹಿಂದಕ್ಕೆ ಸರಿದು, ಆ ಜಾಗಕ್ಕೆ ಶಾಲೆಯ ಹುಡುಗಿಯರು ಬಂದರು. ಸಮವಸ್ತ್ರದಲ್ಲೇ ಬಂದು, ಬಣ್ಣದ ಕಾಗದದ ಸುರುಳಿಗಳನ್ನು ರಿಂಗಿನೊಳಕ್ಕೆ ಎಸೆದು, ಗಂಟಲು ಹರಿಯುವ ಹಾಗೆ ಕೂಗಿದರು. ಹೆಣ್ಣನ್ನು ಹೆಣ್ಣು ಹೀಗೆ ಮೆಚ್ಚಿ ಕೂಗಿದ್ದನ್ನು ಆ ಊರುಗಳು ಅದುವರೆಗೆ ನೋಡಿರಲಿಲ್ಲವೇನೋ. ಒಬ್ಬ ಮೇಷ್ಟರಮ್ಮನಾಗಿ ನನಗೆ ಇದು ಅರ್ಥವಾಗುತ್ತದೆ. ದಿನವಿಡೀ "ಮೆಲ್ಲಗೆ ಮಾತಾಡು, ಮೆಲ್ಲಗೆ ನಡಿ, ಲಂಗ ಸರಿ ಮಾಡಿಕೋ" ಎಂದು ಕೇಳಿಸಿಕೊಂಡ ಹುಡುಗಿಗೆ, ತನ್ನದೇ ವಯಸ್ಸಿನ ಇನ್ನೊಬ್ಬಳು ಹಗ್ಗದ ಮೇಲಿಂದ ಹಾರುವುದನ್ನು ಕಂಡರೆ ಹೇಗಾಗಬೇಡ!

ಇದೆಲ್ಲ ನಾಟಕವಲ್ಲವೇ ಎಂದು ನಮ್ಮವರು ಕೇಳಿದರು. ಹೌದು, ಈ ಬಗೆಯ ಕುಸ್ತಿಯಲ್ಲಿ ಸೋಲು ಗೆಲುವು ಬಹಳಷ್ಟು ಮೊದಲೇ ನಿಗದಿಯಾಗಿರುತ್ತದೆ. ಆದರೆ ನೆಲಕ್ಕೆ ಬೀಳುವ ಬೆನ್ನು ನಿಗದಿಯದಲ್ಲ, ನಿಜವಾದದ್ದು. ಮುರಿಯುವ ಮೂಳೆಯೂ ನಿಜ. ಆ ಹುಡುಗಿಯರು ವಸತಿಗೃಹದಲ್ಲಿ ಒಟ್ಟಿಗೆ ಇದ್ದು, ಹಿರಿಯರ ಬೈಗುಳ ತಿಂದು, ವರ್ಷದ ಬಹುಪಾಲು ದಿನ ಬಸ್ಸಿನಲ್ಲಿ ಊರೂರು ತಿರುಗಿ ಸೆಣಸುತ್ತಿದ್ದರು. ರಿಂಗು ಕಟ್ಟುವುದು, ಸಾಮಾನು ಮಾರುವುದು ಕೂಡ ಕಿರಿಯರ ಪಾಲಿಗೇ ಬರುತ್ತಿತ್ತು. ಅವರಿಗೆ ಮೂರು ನಿಷೇಧಗಳಿದ್ದವು: ಮದ್ಯ ಕೂಡದು, ಸಿಗರೇಟು ಕೂಡದು, ಗಂಡಿನ ಸಹವಾಸ ಕೂಡದು.

ಇವುಗಳ ಮೇಲೆ ಇನ್ನೊಂದು ಕಟ್ಟಳೆ ಇತ್ತು. ಇಪ್ಪತ್ತೈದಕ್ಕೆಲ್ಲ ನಿವೃತ್ತಿ.

ನಾನು ಮಗಳಿಗೆ ಎರಡು ಸಲ ಓದಿಸಿದೆ. ಇಪ್ಪತ್ತೈದು! ನಮ್ಮ ಇಲಾಖೆಯಲ್ಲಿ ಅರವತ್ತು. ನನಗೆ ಇನ್ನೂ ಎರಡು ವರ್ಷ ಸರ್ವೀಸು ಉಳಿದಿದೆ, ಬಿ.ಎಡ್. ಮುಗಿಸಿ ನಾನು ಮೊದಲ ಸಂಬಳ ಎಣಿಸಿದಾಗಲೇ ಇಪ್ಪತ್ತೈದು ದಾಟಿತ್ತು. ಜಪಾನಿನಲ್ಲಿ ಆ ಕಾಲಕ್ಕೆ ಒಂದು ಗೇಲಿಮಾತು ಇತ್ತಂತೆ. ಹೆಣ್ಣು ಕ್ರಿಸ್‌ಮಸ್ ಕೇಕಿನ ಹಾಗೆ, 25 ದಾಟಿದ ಮೇಲೆ ಕೇಳುವವರಿಲ್ಲ ಎಂದು. ನಮ್ಮ ಕಡೆ ಕೇಕಿನ ಬಳಕೆ ಕಡಿಮೆ, ಆದ್ದರಿಂದ ಬೇರೆ ಮಾತುಗಳಲ್ಲಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಕಂಪನಿಗೂ ಇದರಲ್ಲಿ ಲಾಭವಿತ್ತು. ಕೂಗುವ ಹುಡುಗಿಯರಿಗೆ ತಮ್ಮ ಓರಗೆಯವಳೇ ಬೇಕು. ಹಳಬಳನ್ನು ಕಳಿಸಿದರೆ ಹೊಸಬಳಿಗೆ ಜಾಗ. ಹೊಸಬರಿಗೇನು ಬರಗಾಲವೇ? ಮೊದಲ ತಲೆಮಾರಿನ ಹುಡುಗಿಯರನ್ನು ನೋಡಿಯೇ ಎರಡನೆಯ ತಲೆಮಾರು ಸಾಲುಗಟ್ಟಿ ನಿಂತಿತ್ತು.

ಮಾಕಿಗಾದರೋ ಇಪ್ಪತ್ತೈದರವರೆಗೂ ಕಾಯುವ ಭಾಗ್ಯ ಬರಲಿಲ್ಲ. 1979ರ ಫೆಬ್ರವರಿ 27ರಂದು ಟೋಕಿಯೋದ ನಿಪ್ಪೋನ್ ಬುದೊಕಾನ್ ಸಭಾಂಗಣದಲ್ಲಿ ಜಾಕಿಗೂ ಮಾಕಿಗೂ ಪಂದ್ಯ ಏರ್ಪಾಡಾಯಿತು. ಬುದೊಕಾನ್ ಎಂದರೆ 1964ರ ಒಲಿಂಪಿಕ್ಸಿನ ಜೂಡೋಗಾಗಿ ಕಟ್ಟಿದ ದೊಡ್ಡ ಸಭಾಂಗಣ. ಪಂದ್ಯದ ಷರತ್ತು ಹೀಗಿತ್ತು: ಸೋತವಳು ಕುಸ್ತಿಯನ್ನೇ ಬಿಟ್ಟು ಹೋಗಬೇಕು. ಮೂರು ವರ್ಷ ಒಂದೇ ವೇದಿಕೆಯಲ್ಲಿ ಒಂದೇ ಹಾಡು ಹಾಡಿದ ಗೆಳತಿಯರನ್ನು ಎದುರುಬದುರು ನಿಲ್ಲಿಸಿ, ನಿಮ್ಮಲ್ಲಿ ಯಾರು ಮನೆಗೆ ಎಂದು ಕೇಳಿದರು. ಸುಮಾರು 48 ನಿಮಿಷ ಸೆಣಸಿದ ಮೇಲೆ ಮಾಕಿ ಸೋತಳು. ಅವಳಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. 1975ರಲ್ಲಿ ಶುರುವಾದದ್ದು 1979ಕ್ಕೆ ಮುಗಿಯಿತು. ನಾಲ್ಕು ವರ್ಷ, ಅಷ್ಟೇ.

48 ನಿಮಿಷ ಎಂದರೆ ಶಾಲೆಯ ಒಂದು ಪೀರಿಯಡ್ಡಿಗಿಂತ ಸ್ವಲ್ಪ ಹೆಚ್ಚು. ಆ ಹೊತ್ತಿನಲ್ಲಿ ಒಂದು ಪಾಠವೂ ಪೂರ್ತಿ ಮುಗಿಯುವುದಿಲ್ಲ ಎಂದು ನಾವು ಗೊಣಗುತ್ತೇವೆ.

ಜಪಾನನ್ನು ಬೈದು ನಾವು ಸುಮ್ಮನಾಗುವಂತಿಲ್ಲ. ಅದೇ 1979ರ ಸೆಪ್ಟೆಂಬರಿನಲ್ಲಿ ನಮ್ಮ ಕೊಡಗಿನ ಸಿ. ಬಿ. ಮುತ್ತಮ್ಮನವರ ಮೊಕದ್ದಮೆ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. 1949ರಲ್ಲಿ ಭಾರತದ ವಿದೇಶಾಂಗ ಸೇವೆಗೆ ಸೇರಿದ ಮೊದಲ ಹೆಣ್ಣುಮಗಳು ಅವರು. ಆ ಸೇವೆಯಲ್ಲಿದ್ದ ಹೆಂಗಸು ಮದುವೆಯಾಗಬೇಕಾದರೆ ಸರ್ಕಾರದ ಅನುಮತಿ ಪಡೆಯಬೇಕಿತ್ತು. ಆಮೇಲೆ ಸಂಸಾರ ಕೆಲಸಕ್ಕೆ ಅಡ್ಡಿ ಎಂದು ಸರ್ಕಾರಕ್ಕೆ ತೋರಿದರೆ ಅವಳಿಂದ ರಾಜೀನಾಮೆ ಪಡೆಯಬಹುದಿತ್ತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಇಂಥ ನಿಯಮಗಳನ್ನು ಕಟುವಾಗಿಯೇ ಟೀಕಿಸಿದರು. ಸಂಸಾರ ಅಡ್ಡಿಯಾಗುವುದಾದರೆ ಗಂಡಸಿಗೂ ಆಗಬಹುದಲ್ಲವೇ ಎಂಬುದು ಅವರ ವಾದದ ತಿರುಳು. ಅಷ್ಟು ಓದಿದವರಿಗೇ "ಇನ್ನು ಸಾಕು" ಎನ್ನುವ ಅಧಿಕಾರವನ್ನು ಯಾರೋ ಕೈಯಲ್ಲಿ ಇಟ್ಟುಕೊಂಡಿದ್ದರೆ, ಹದಿನಾರರ ಕುಸ್ತಿ ಹುಡುಗಿಯ ಪಾಡೇನು?

ಈ ಮಾತನ್ನು ಮಗಳಿಗೆ ಬಹಳ ಆವೇಶದಿಂದ ಹೇಳುತ್ತಿದ್ದೆ. ಹೇಳುತ್ತ ಹೇಳುತ್ತ ನನ್ನ ಬಾಯಿ ತಾನಾಗಿ ಮುಚ್ಚಿತು. ಏಕೆಂದರೆ ಆ "ಸಾಕು" ಎಂಬ ಮಾತನ್ನು ನಾನೂ ಒಮ್ಮೆ ಒಬ್ಬಳಿಗೆ ಹೇಳಿದ್ದೆ.

ಸುಮಾರು ಹದಿನೆಂಟು ವರ್ಷದ ಹಿಂದಿನ ಮಾತು. ನಾನು ಒಂಬತ್ತನೇ ತರಗತಿಯ ತರಗತಿ ಶಿಕ್ಷಕಿ. ಆ ವರ್ಷ ನನ್ನ ತರಗತಿಯಲ್ಲಿ ಒಬ್ಬ ಕಬಡ್ಡಿ ಹುಡುಗಿ ಇದ್ದಳು. ಹೆಸರು ಬೇಡ. ಕಡ್ಡಿಯಂಥ ಮೈ, ಆದರೆ ಗೆರೆ ದಾಟಿ ಒಳಗೆ ಹೋದಳೆಂದರೆ ಮೂವರನ್ನು ಮುಟ್ಟಿಯೇ ಬರುವಳು. ತಾಲ್ಲೂಕು ಗೆದ್ದರು, ಜಿಲ್ಲೆಗೆ ಹೋದರು. ಜಿಲ್ಲೆಯಲ್ಲಿ ಇವರ ತಂಡ ಸೋತರೂ ಇವಳೊಬ್ಬಳನ್ನು ವಿಭಾಗ ಮಟ್ಟದ ತಂಡಕ್ಕೆ ಆರಿಸಿದರು. ಮನೆಯವರ ಒಪ್ಪಿಗೆ ಪತ್ರ ಬೇಕಾಗಿತ್ತು. ಅವಳ ಅಪ್ಪ ಪತ್ರ ಹಿಡಿದುಕೊಂಡು ನೇರ ನನ್ನ ಹತ್ತಿರ ಬಂದರು. ಒಳ್ಳೆಯ ಮನುಷ್ಯ, ಗದ್ದೆ ಕೆಲಸದವರು. "ನನಗೇನು ಗೊತ್ತಾಗುತ್ತೆ ಟೀಚರ್, ನೀವು ಹೇಳಿದ ಹಾಗೆ" ಎಂದರು.

ನೀವು ಹೇಳಿದ ಹಾಗೆ! ಆ ಮಾತು ಕೇಳಿದರೆ ಮೇಷ್ಟರಿಗೆ ಹಿತವಾಗುತ್ತದೆ, ಸುಳ್ಳೇಕೆ ಹೇಳಲಿ? ನಾನು ಕನ್ನಡಕ ತೆಗೆದು, ಒರೆಸಿ, ಗಂಭೀರವಾಗಿ ಹೇಳಿದೆ: "ಆಡಿದ್ದು ಸಾಕು. ಮುಂದಿನ ವರ್ಷ ಹತ್ತನೇ ತರಗತಿ. ಕಬಡ್ಡಿ ಅನ್ನ ಹಾಕುವುದಿಲ್ಲ." ಹುಡುಗಿ ಬಾಗಿಲ ಪಕ್ಕದ ಗೋಡೆಗೆ ಒರಗಿ ನಿಂತಿದ್ದಳು. ಅಳಲಿಲ್ಲ. ಎದುರು ಮಾತಾಡಲಿಲ್ಲ. ನಾನು ಅವಳನ್ನು ಏನೂ ಕೇಳಲಿಲ್ಲ. ಅಪ್ಪ ಪತ್ರವನ್ನು ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಹಾಕಿಕೊಂಡರು.

ಮರುವರ್ಷ ಅವಳು ಪ್ರಥಮ ದರ್ಜೆಯಲ್ಲಿ ಪಾಸಾದಳು. ನೋಡಿದಿರಾ, ನಾನು ಹೇಳಿದ್ದು ಸರಿಯಾಯಿತು ಎಂದು ಸ್ಟಾಫ್ ರೂಮಿನಲ್ಲಿ ಬೀಗಿದೆ. ಪಿಯುಸಿ ಮೊದಲ ವರ್ಷ ಮುಗಿಯುವಷ್ಟರಲ್ಲಿ ಮದುವೆ ಗೊತ್ತಾಯಿತು. ಓದೂ ಅಲ್ಲಿಗೆ ನಿಂತಿತು. ಅದಕ್ಕಾಗಿ ಆಟ ಬಿಡಿಸಿದೆನೋ, ಅದೂ ಉಳಿಯಲಿಲ್ಲ.

ಮಾಕಿಯ ಕಥೆಯನ್ನು ಇನ್ನೂ ಓದಿಸಿದೆ. ಗೆದ್ದವಳಿಗಾದರೂ ಏನು ಸಿಕ್ಕಿತು ಎಂದು ತಿಳಿಯಬೇಕಿತ್ತು. ಜಾಕಿ ಸಾತೊ 1981ರ ಫೆಬ್ರವರಿಯಲ್ಲಿ ತನಗಿಂತ ಕಿರಿಯಳಾದ ಜಾಗ್ವಾರ್ ಯೊಕೊತಾಗೆ ಪಟ್ಟ ಸೋತು, ಅದೇ ವರ್ಷ ನಿವೃತ್ತಳಾದಳು. ಅವಳಿಗೂ ಆಗ ಇಪ್ಪತ್ತಮೂರೇ. ಗೆಳತಿಯನ್ನು ಸೋಲಿಸಿ ಗಳಿಸಿದ್ದು ಎರಡು ವರ್ಷ. 1986ರಲ್ಲಿ ಬೇರೊಂದು ಹೊಸ ಸಂಸ್ಥೆಯಲ್ಲಿ ಅವಳು ಮತ್ತೆ ರಿಂಗಿಗೆ ಬಂದಳು. 1999ರ ಆಗಸ್ಟಿನಲ್ಲಿ ಹೊಟ್ಟೆಯ ಕ್ಯಾನ್ಸರಿನಿಂದ ತೀರಿಕೊಂಡಾಗ ಅವಳಿಗೆ ನಲವತ್ತೊಂದು.

ಮುಂದಿನ ತಲೆಮಾರಿನ ಚಿಗುಸಾ ನಾಗಾಯೊ ಎಂಬವಳು ಬ್ಯೂಟಿ ಪೇರ್‌ಗಿಂತಲೂ ದೊಡ್ಡ ಹೆಸರು ಮಾಡಿದಳು. ಅವಳನ್ನೂ 1989ರಲ್ಲಿ, ಇನ್ನೂ ಇಪ್ಪತ್ತನಾಲ್ಕಿರುವಾಗಲೇ, ಬೀಳ್ಕೊಟ್ಟರು. ಆದರೆ ಅವಳು 1993ರಲ್ಲಿ ಹಿಂತಿರುಗಿದಳು. ಆಮೇಲೆ ತನ್ನದೇ ಕುಸ್ತಿ ಸಂಸ್ಥೆ ಕಟ್ಟಿದಳು. 1990ರ ದಶಕದಲ್ಲಿ ಆ ಇಪ್ಪತ್ತೈದರ ಕಟ್ಟಳೆ ತಾನಾಗಿ ಸಡಿಲಾಯಿತು. ಅದು ಸಡಿಲಾದ ಮೇಲೆ ಹೆಣ್ಣುಮಕ್ಕಳು ಎಷ್ಟು ವರ್ಷ ಆಡಿದರು ಗೊತ್ತೇ? ಮಾನಾಮಿ ತೊಯೊತಾ 1987ರಲ್ಲಿ ಶುರು ಮಾಡಿ 2017ರಲ್ಲಿ ನಿಲ್ಲಿಸಿದಳು. ಮೂವತ್ತು ವರ್ಷ, ನನ್ನ ಸರ್ವೀಸಿನಷ್ಟೇ! ಜಾಕಿಯನ್ನು ಸೋಲಿಸಿದ ಯೊಕೊತಾ 1961ರಲ್ಲಿ ಹುಟ್ಟಿದವಳು. 1986ರಲ್ಲಿ ನಿವೃತ್ತಳಾದವಳು ಮತ್ತೆ ಬಂದಳು, 2006ರಲ್ಲಿ, ನಲವತ್ತೈದರ ವಯಸ್ಸಿನಲ್ಲಿ, ತಾಯಿಯಾದಳು, ಅರವತ್ತು ದಾಟಿದ ಮೇಲೂ ರಿಂಗಿಗೆ ಇಳಿದಳು. ಇಪ್ಪತ್ತೈದಕ್ಕೆ ಹೆಣ್ಣಿನ ಮೈಯಲ್ಲಿ ಏನೂ ಮುಗಿಯುವುದಿಲ್ಲ. ಮುಗಿಯಿತು ಎಂದವರು ಬೇರೆ ಯಾರೋ. ಹಾಗೆಂದ ಆ ಕಂಪನಿಯೇ 2005ರಲ್ಲಿ ಬಾಗಿಲು ಹಾಕಿತು.

ಜಪಾನಿನ ಕುಸ್ತಿಯಲ್ಲಿ ಇನ್ನೊಂದು ಪದ್ಧತಿ ಇದೆ. ಮಗಳು ಹಳೆಯ ಚಿತ್ರತುಣುಕುಗಳಲ್ಲಿ ಅದನ್ನು ತೋರಿಸಿದಳು. ನಿವೃತ್ತಿಯಾಗುವವರು ರಿಂಗಿನ ನಡುವೆ ಒಬ್ಬರೇ ನಿಲ್ಲುತ್ತಾರೆ. ಸಭಾಂಗಣ ನಿಶ್ಶಬ್ದವಾಗುತ್ತದೆ. ಪಂದ್ಯದ ಗಂಟೆಯನ್ನು ನಿಧಾನವಾಗಿ ಹತ್ತು ಸಲ ಬಾರಿಸುತ್ತಾರೆ. ಹತ್ತನೆಯ ಗಂಟೆಯಾದ ಮೇಲೆ ಹೆಸರನ್ನು ಕೊನೆಯ ಬಾರಿ ಕೂಗುತ್ತಾರೆ, ನಾಲ್ಕೂ ಕಡೆಯಿಂದ ಬಣ್ಣದ ಕಾಗದದ ಸುರುಳಿಗಳು ಬಂದು ಬೀಳುತ್ತವೆ. ಆ ಗಂಟೆಯ ಸದ್ದು ಕೇಳಿ ನನಗೆ ಮೈ ಜುಮ್ಮೆಂದಿತು. ದಿನಕ್ಕೆ ಹತ್ತು ಸಲ ಗಂಟೆ ಕೇಳಿಸಿಕೊಳ್ಳುವ ನಾನು, ಗಂಟೆಯೊಂದು ಒಬ್ಬ ಹೆಣ್ಣಿಗಾಗಿ ಬಾರಿಸುವುದನ್ನು ಕೇಳಿದ್ದು ಅದೇ ಮೊದಲು.

ಗಂಟೆ ಬಾರಿಸಿದ ಮಾತ್ರಕ್ಕೆ ಅನ್ಯಾಯ ನ್ಯಾಯವಾಗುವುದಿಲ್ಲ. ಅದು ನನಗೂ ಗೊತ್ತು. ಬೆಳ್ಳಿ ತಟ್ಟೆ ಕೊಟ್ಟು, ಶಾಲು ಹೊದಿಸಿ ಮನೆಗೆ ಕಳಿಸುವ ಜಾಣತನ ಎಲ್ಲ ದೇಶಗಳಲ್ಲೂ ಇದೆ. ಆದರೂ ನನ್ನ ಮನಸ್ಸು ಊರಿನ ಕಡೆಗೆ ಓಡಿತು. ನಮ್ಮಲ್ಲಿ ಎಷ್ಟು ಹೆಣ್ಣುಮಕ್ಕಳ ಹಾಡು, ಆಟ, ಕುಣಿತ, ಓದು ಯಾವ ಗಂಟೆಯೂ ಇಲ್ಲದೆ ನಿಂತುಹೋಗಿದೆ! ನಿಂತದ್ದು ಯಾವ ದಿನ ಎಂದು ಅವರಿಗೇ ಗೊತ್ತಿಲ್ಲ. ಇವತ್ತು ಬೇಡ, ನಾಳೆ ನೋಡೋಣ, ಮದುವೆ ಕಳೆಯಲಿ, ಮಗು ದೊಡ್ಡದಾಗಲಿ. ಹಾಗೆಂದು ಒಂದು ದಿನ ನೋಡಿದರೆ ಹಾರ್ಮೋನಿಯಂ ಅಟ್ಟದ ಮೇಲೆ ಧೂಳು ತಿನ್ನುತ್ತಿರುತ್ತದೆ.

ಊರಿಗೆ ಬಂದ ಮೇಲೆ ಒಂದು ಸಂಜೆ ಆ ಹುಡುಗಿಯ ಅಂಗಡಿಗೆ ಹೋದೆ. ಹೌದು, ಅವಳು ನಮ್ಮೂರಿನಲ್ಲೇ ಇದ್ದಾಳೆ. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿದ್ದಾಳೆ, ಇಬ್ಬರು ಮಕ್ಕಳು. ನನ್ನ ರವಿಕೆಗಳನ್ನೆಲ್ಲ ಅವಳೇ ಹೊಲಿಯುವುದು. ಅಷ್ಟು ವರ್ಷದಿಂದ ಅಳತೆ ಕೊಟ್ಟು ಬಂದಿದ್ದೇನೆ, ಕಬಡ್ಡಿಯ ಮಾತು ಮಾತ್ರ ಇಬ್ಬರ ಬಾಯಲ್ಲೂ ಬಂದಿರಲಿಲ್ಲ. ಅಂದು ಅವಳು ಟೇಪು ಹಿಡಿದು ಹೆಗಲ ಅಳತೆ ತೆಗೆಯುತ್ತಿರುವಾಗ ನಾನು ಮಾಕಿಯ ಕಥೆ ಹೇಳಿದೆ. ಸೋತವಳು ಆಟ ಬಿಡಬೇಕು ಎಂಬ ಷರತ್ತು, 48 ನಿಮಿಷ, ಎಲ್ಲ ಹೇಳಿದೆ. ಹೇಳಿ ಮುಗಿಸಿ, "ನಿನಗೆ ನಾನು ಆವತ್ತು ಸಾಕು ಅಂದೆ. ನಿನ್ನನ್ನು ಒಂದು ಮಾತು ಕೇಳಲಿಲ್ಲ" ಎಂದೆ.

ಅವಳು ಟೇಪನ್ನು ಬೆರಳಿಗೆ ಸುತ್ತಿಕೊಂಡಳು. "ಹೋಗಲಿ ಬಿಡಿ ಟೀಚರ್" ಎಂದಳು. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಹೇಳಿದಳು: "ಆದರೆ ಆ ಜಪಾನಿನವಳಿಗೆ ಇದೇ ಕೊನೆ ಅಂತ ಗೊತ್ತಿತ್ತಲ್ಲ. ನನಗೆ ಗೊತ್ತಿರಲಿಲ್ಲ. ಜಿಲ್ಲೆಯಲ್ಲಿ ಆಡಿದ್ದೇ ಕೊನೆಯದು ಅಂತ ಗೊತ್ತಿದ್ದಿದ್ದರೆ ಇನ್ನೊಂದು ರೈಡು ಹೋಗುತ್ತಿದ್ದೆ." ಅಷ್ಟು ಹೇಳಿ ಪುಸ್ತಕ ತೆರೆದು, ಪೆನ್ನು ಹಿಡಿದು, "ತೋಳು ಎಷ್ಟು ಉದ್ದ ಇಡಲಿ?" ಎಂದು ಕೇಳಿದಳು.

ಅವಳಿಗೆ ಕೋಪವಿದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು "ನೀನು ಒಳ್ಳೆಯದಕ್ಕೇ ಹೇಳಿದ್ದಲ್ಲವೇ" ಎಂದರು. ಹೌದು, ಒಳ್ಳೆಯದಕ್ಕೇ. ಇಪ್ಪತ್ತೈದಕ್ಕೆ ಮನೆಗೆ ಹೋಗಿ ಮದುವೆಯಾಗಲಿ ಎಂದವರೂ ಹುಡುಗಿಯರ ಒಳ್ಳೆಯದಕ್ಕೇ ಎಂದುಕೊಂಡಿದ್ದರೋ ಏನೋ. ಒಳ್ಳೆಯದು ಯಾವುದು ಎಂದು ಅವಳನ್ನು ಕೇಳುವಷ್ಟು ಪುರುಸೊತ್ತು ಮಾತ್ರ ನಮ್ಮ ಯಾರಿಗೂ ಇರಲಿಲ್ಲ.

ಮಾಕಿಯ ನಾಲ್ಕು ವರ್ಷ ಚಿಕ್ಕದು ಎಂದು ಈಗ ನನಗೆ ಅನ್ನಿಸುವುದಿಲ್ಲ. ಅಷ್ಟರಲ್ಲೇ ಅವಳು ಗಂಡಸರ ಕುರ್ಚಿಗಳಲ್ಲಿ ಹುಡುಗಿಯರನ್ನು ತಂದು ಕೂರಿಸಿದಳು. ಅವರಲ್ಲಿ ಕೆಲವರು ಮುಂದೆ ತಾವೇ ರಿಂಗಿಗೆ ಇಳಿದರು, ಕಟ್ಟಳೆಯನ್ನೂ ದಾಟಿದರು. ಕೆಲಸ ಎಷ್ಟು ಕಾಲದ್ದು ಎಂಬುದಲ್ಲ ನನ್ನ ಪ್ರಶ್ನೆ. ನಿಲ್ಲಿಸುವ ಮಾತು ಯಾರ ಬಾಯಿಂದ ಬಂತು ಎಂಬುದು.

ಹೋದ ತಿಂಗಳು ನಮ್ಮ ಶಾಲೆಯ ಒಬ್ಬ ಹುಡುಗಿ ಖೋ ಖೋದಲ್ಲಿ ವಿಭಾಗ ಮಟ್ಟಕ್ಕೆ ಆಯ್ಕೆಯಾದಳು. ಅವಳದೂ ಒಂಬತ್ತನೇ ತರಗತಿ. ಅವಳ ಅಮ್ಮ ಒಪ್ಪಿಗೆ ಪತ್ರ ಹಿಡಿದುಕೊಂಡು ಬಂದು, "ಮುಂದಿನ ವರ್ಷ ಹತ್ತನೇ ತರಗತಿ ಅಲ್ವಾ ಟೀಚರ್, ಇನ್ನು ಆಟ ಸಾಕು ಅಂತೀರಾ? ನೀವು ಹೇಳಿದ ಹಾಗೆ" ಎಂದರು. ಅದೇ ಮಾತು, ಅದೇ ಬಾಗಿಲು. ಹುಡುಗಿ ಅದೇ ಗೋಡೆಗೆ ಒರಗಿ ನಿಂತಿದ್ದಳು.

ನಾನು ಕುರ್ಚಿ ತಿರುಗಿಸಿ ಅವಳನ್ನು ಕೇಳಿದೆ: "ನೀನು ಹೇಳಮ್ಮ. ಸಾಕಾ?"

ಅವಳು ಅಮ್ಮನ ಮುಖ ನೋಡಿದಳು, ನನ್ನ ಮುಖ ನೋಡಿದಳು. ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ, ಉತ್ತರಕ್ಕೆ ಹೊತ್ತು ಹಿಡಿಯಿತು. ಆಮೇಲೆ ಮೆಲ್ಲಗೆ, ಆದರೆ ಸ್ಪಷ್ಟವಾಗಿ ಹೇಳಿದಳು:

"ಇನ್ನೂ ಸಾಕಾಗಿಲ್ಲ ಟೀಚರ್."

ಅವಳ ಅಮ್ಮ ನಕ್ಕರು. ನಾನು ಪೆನ್ನು ತೆಗೆದು ಅವರ ಕೈಗೆ ಕೊಟ್ಟೆ.